ತಿಂಗಳ ದುಡ್ಡು ತಿಂಗಳಿಡೀ ಉಳಿಯಿತು

"ಮೂವತ್ತರ ಹತ್ತಿರದ ಗಂಡಸಿಗೆ ದಿನದ ಲೆಕ್ಕದಲ್ಲಿ ಕೈಖರ್ಚಾ? ಹೀಗಾದ್ರೆ ಅವನು ಜನ್ಮದಲ್ಲಿ ಕಲಿಯಲ್ಲ." ಎಫ್‌ಎಎಸ್‌ಡಿ (ಹೊಟ್ಟೆಯಲ್ಲಿದ್ದಾಗ ತಾಯಿ ಕುಡಿದ ಮದ್ಯದಿಂದ ಮೆದುಳಿಗಾಗುವ, ಬದುಕಿಡೀ ಉಳಿಯುವ ಹಾನಿ) ಇರುವ ಒಬ್ಬನಿಗೆ ನೆರವಾಗುವ ನಮ್ಮ ತಂಡದಲ್ಲೇ ಹೀಗಂದರು. ಎರಡು ವರ್ಷವಾಗುತ್ತಾ ಬಂತು, ಅವನ ಬಾಡಿಗೆ ಬಾಕಿ ಬಿದ್ದಿಲ್ಲ. ಈಗ ಅವರೇ ವಿವರ ಕೇಳುತ್ತಿದ್ದಾರೆ.

ಎಫ್‌ಎಎಸ್‌ಡಿ ಇರುವ ವಯಸ್ಕರ ಜತೆ ಒಡನಾಡಿದವರಿಗೆ ಗೊತ್ತು, ಮಾತು ಕೇಳಿದರೆ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಇವನಿಗೆ ಸಂಬಳ ಬಂದ ಮೂರ್ನಾಲ್ಕು ದಿನದಲ್ಲಿ ಮುಕ್ಕಾಲು ಪಾಲು ಮಾಯ. ಎಲ್ಲಿ ಹೋಯ್ತು ಅಂದರೆ ಪ್ರತಿ ಸಲ ಹೊಸ ಕಥೆ. ಮನೆಯವರು ಸುಳ್ಳು ಅನ್ನುತ್ತಿದ್ದರು. ನೆನಪು ಬಿಟ್ಟುಹೋದ ಜಾಗವನ್ನು ಮೆದುಳೇ ತುಂಬಿಕೊಳ್ಳುತ್ತದೆ, ಅವನ ಮಟ್ಟಿಗೆ ಅದು ನಿಜವೇ.

ಬಜೆಟ್ ತರಗತಿ ಮಾಡಿದೆವು. ತರಗತಿಯಲ್ಲಿ ನೂರಕ್ಕೆ ತೊಂಬತ್ತು, ಅಂಗಡಿಯಲ್ಲಿ ಸೊನ್ನೆ. ಖರ್ಚು ಬರೆಯುವ ಆ್ಯಪ್ ವಾರಕ್ಕೇ ಸತ್ತಿತು, ಪಾಸ್‌ವರ್ಡೇ ನೆನಪಿಲ್ಲ. ಬಣ್ಣದ ಲಕೋಟೆಗಳು ಪರವಾಗಿಲ್ಲ ಅನ್ನುವಷ್ಟರಲ್ಲಿ ಒಬ್ಬ 'ಗೆಳೆಯ' ಸಾಲ ಕೇಳಿದ, ಇವನು ಬಾಡಿಗೆಯ ಲಕೋಟೆಯನ್ನೇ ಎತ್ತಿ ಕೊಟ್ಟ.

ಈಗ ಸಂಬಳದ ದಿನವೇ ಬಾಡಿಗೆ, ಕರೆಂಟು ತಾನಾಗಿ ಕಡಿತ. ಉಳಿದದ್ದು ಬೇರೆ ಖಾತೆಗೆ, ಅಲ್ಲಿಂದ ದಿನಾ ಬೆಳಿಗ್ಗೆ ಇಷ್ಟಿಷ್ಟು ಅವನ ಕಾರ್ಡಿಗೆ. ಒಪ್ಪಿ ಸಹಿ ಹಾಕಿದವನು ಅವನೇ; ಬೇಡ ಅಂದರೆ ನಿಲ್ಲಿಸುತ್ತೇವೆ ಅಂತಲೂ ಬರೆದಿದೆ. ಸಾಲ ಕೇಳುವವರನ್ನು ದೂರವಿಟ್ಟ ಉಪಾಯ ಮಾತ್ರ ಇಲ್ಲಿ ಹೇಳಲ್ಲ. ಅವರಿಗೂ ಓದಲು ಬರುತ್ತೆ.

ನಡುವೆ ಅಲಾರಂ ಪ್ರಯೋಗವೂ ಆಯಿತು. ಬರೀ ಗಂಟೆಯಾದರೆ ಆಫ್ ಮಾಡಿ ಮಲಗುತ್ತಿದ್ದ. ಅಮ್ಮನ ದನಿ ಹಾಕಿದರೆ ರೇಗಾಟ. ಅವನದೇ ದನಿಯಲ್ಲಿ "ಬೂಟು ಹಾಕು. ಬೀಗ ಹಾಕು. ಬಸ್ ಸ್ಟಾಪಿಗೆ ನಡಿ" ಅಂತ ರೆಕಾರ್ಡ್ ಮಾಡಿಸಿದೆ. ಕೆಲಸಕ್ಕೆ ತಡವಾಗುವುದು ಹೆಚ್ಚುಕಮ್ಮಿ ನಿಂತೇಹೋಯಿತು. ಇದು ನನ್ನದೇ ತಲೆ, ಯಾರೂ ಹೇಳಿಕೊಟ್ಟಿದ್ದಲ್ಲ.

ಅವನನ್ನು ಸಾಕಿದ ತಾಯಿಗೆ ದುಡ್ಡಿಗಾಗಿ ದಿನಕ್ಕೆ ಎಂಟ್ಹತ್ತು ಫೋನ್ ಬರುತ್ತಿತ್ತು. ಈಗ "ಕಾರ್ಡಲ್ಲಿ ಎಷ್ಟಿದೆ ನೋಡಪ್ಪಾ" ಅನ್ನುತ್ತಾರೆ, ಮಾತು ಮುಗಿಯುತ್ತೆ. ಭಾನುವಾರ ಅವರ ಬದಲು ಇನ್ನೊಬ್ಬರು ಫೋನ್ ಎತ್ತುತ್ತಾರೆ. ನಮ್ಮ ಖರ್ಚಿನಲ್ಲಿ ಅರ್ಧ ಹೋಗುವುದು ಈ ಬದಲಿಯವರ ಸಂಬಳಕ್ಕೇ, ನೆರವಿನ ದುಡ್ಡು ಮಂಜೂರು ಮಾಡುವವರ ಕಣ್ಣೂ ಅದರ ಮೇಲೇ. ಐಕ್ಯೂ (ಬುದ್ಧಿಮಟ್ಟದ ಅಂಕ) ಎಂಬತ್ತರ ಹತ್ತಿರ ಇದೆಯಲ್ಲ, ನೆರವು ಯಾಕೆ ಅನ್ನುತ್ತಾರೆ. ಅಮೆರಿಕದ ಸಿಯಾಟಲ್‌ನ ಸಂಶೋಧಕಿ ಆನ್ ಸ್ಟ್ರೈಸ್‌ಗತ್ ಅವರ ತಂಡ 1996ರಲ್ಲಿ ಪ್ರಕಟಿಸಿದ, ಇದೇ ತೊಂದರೆಯ 415 ಜನರ ಅಧ್ಯಯನವನ್ನು ಅರ್ಜಿಗೆ ಲಗತ್ತಿಸಿದೆ. ಅದರಲ್ಲಿ ಬಹುಪಾಲು ಜನರ ಐಕ್ಯೂ 70ಕ್ಕಿಂತ, ಅಂದರೆ ಸಾಮಾನ್ಯವಾಗಿ ಬೌದ್ಧಿಕ ಅಂಗವೈಕಲ್ಯ ಅನ್ನುವ ಗಡಿಗಿಂತ, ಮೇಲಿತ್ತು, ಆದರೂ ವಯಸ್ಕರಲ್ಲಿ ಹೆಚ್ಚಿನವರಿಗೆ ನೆರವಿಲ್ಲದೆ ಬದುಕು ನಡೆಯುತ್ತಿರಲಿಲ್ಲ.

"ಸುಧಾರಿಸಿದಾನಲ್ಲ, ಇನ್ನು ಕಮ್ಮಿ ಮಾಡಿ" ಅನ್ನುವುದು ಹೊಸ ರಾಗ. ಇನ್ನೊಬ್ಬನಿಗೆ ಹಾಗೆ ಮಾಡಿಸಿದ್ದರು, ಎರಡನೇ ತಿಂಗಳಿಗೇ ಮನೆ ಖಾಲಿ ಮಾಡುವ ನೋಟಿಸ್ ಬಂತು. ಮುಂದಿನ ವರ್ಷದ ಅರ್ಜಿಯಲ್ಲಿ ನೆರವಿಗೆ ಅಷ್ಟೇ ಗಂಟೆ ಕೇಳಿದ್ದೇನೆ, ಒಂದೂ ಇಳಿಸಿಲ್ಲ.