‘ಸಾಕಷ್ಟು’ ಅಂದರೆ ಎಷ್ಟು? ತಾಂತ್ರಿಕ ವರದಿ ಬರೆಯುವ, ಗೆಳೆಯರ ವರದಿ ಓದಿ ಹೇಳುವ ಬಗೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬರೆದ ಮೊದಲ ಸೈಟ್ ವರದಿಯಲ್ಲಿ ‘ಸ್ಲ್ಯಾಬಿಗೆ ಸಾಕಷ್ಟು ದಿನ ನೀರು ಹೊಡೆಯಲಾಗಿದೆ’ ಎಂಬ ಸಾಲಿತ್ತು. ಹಿರಿಯ ಎಂಜಿನಿಯರ್ ಒಬ್ಬರು ‘ಸಾಕಷ್ಟು’ ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಎಷ್ಟು?’ ಎಂದು ಬರೆದು ಕಾಗದ ಮರಳಿಸಿದರು. ಬೇರೇನೂ ಹೇಳಲಿಲ್ಲ. ಸೈಟಿಗೆ ಹೋಗಿ ಮೇಸ್ತ್ರಿಯನ್ನು ಕೇಳಿದೆ. ‘ಆರು ದಿನ ಹೊಡದೀವ್ರಿ, ಇಲ್ಲಾ ಎಂಟು ಇರಬೇಕು’ ಎಂದ. ಕಾಂಕ್ರೀಟ್ ಕೆಲಸಕ್ಕೆ ನಾವೆಲ್ಲ ಆಧಾರವಾಗಿ ಹಿಡಿಯುವ ಭಾರತೀಯ ಮಾನದಂಡ ಐಎಸ್ 456:2000 ಸಂಹಿತೆ, ಒಣ ಬಿಸಿಲಿನ ಹವೆಯಲ್ಲಿ ಕ್ಯೂರಿಂಗ್, ಅಂದರೆ ಹೀಗೆ ನೀರು ಹೊಡೆದು ಹಸಿ ಇಡುವುದು, 10 ದಿನಕ್ಕೆ ಕಡಿಮೆ ಇರಬಾರದು ಎನ್ನುತ್ತದೆ. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನನ್ನ ‘ಸಾಕಷ್ಟು’ ಒಂದು ಕೊರತೆಯನ್ನು ಮುಚ್ಚಿಟ್ಟಿತ್ತು. ಬರೆದ ನನಗೇ ಅದು ಗೊತ್ತಿರಲಿಲ್ಲ.

ವರದಿ ಹೇಗೆ ಬರೆಯಬೇಕು, ಇನ್ನೊಬ್ಬರ ವರದಿಯನ್ನು ಹೇಗೆ ಓದಬೇಕು ಎಂಬ ಎರಡೂ ಪಾಠ ಆ ಒಂದು ಪದದಲ್ಲಿದ್ದವು. ಈಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದ ಮಕ್ಕಳ ಪ್ರಾಜೆಕ್ಟ್ ನೋಡಿಕೊಳ್ಳುವಾಗ ಎರಡನ್ನೂ ಒಟ್ಟಿಗೇ ಕಲಿಸುತ್ತೇನೆ. ಬಿಡಿಸಿ ಕಲಿಸಿದರೆ ಎರಡೂ ಬರುವುದಿಲ್ಲ ಎಂಬುದು ನನ್ನ ಅನುಭವ. ವರದಿಯ ಓದುಗ ನೀವು ಕೆಲಸ ಮಾಡಿದ ದಿನ ಅಲ್ಲಿ ಇರಲಿಲ್ಲ. ಇದೊಂದು ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ಆ ದಿನ ಅಲ್ಲಿ ಇರದವರ ಪೈಕಿ ಮೊದಲನೆಯವರು ನಿಮ್ಮ ಸಹಪಾಠಿಗಳು.

ಕೆಲಸದ ದಿನವೇ ನೋಟ್‌ಬುಕ್

ವರದಿ ಶುರುವಾಗುವುದು ಕಂಪ್ಯೂಟರ್ ಮುಂದೆ ಕೂತಾಗ ಅಲ್ಲ, ಲ್ಯಾಬಿಗೆ ಕಾಲಿಟ್ಟಾಗ. ಒಂದು ಉದ್ದ ನೋಟ್‌ಬುಕ್ ಇಡಿ. ಪೆನ್ನಿನಲ್ಲಿ ಬರೆಯಿರಿ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ, ಹಾಳೆ ಹರಿಯಬೇಡಿ. ಗಂಟೆ, ಹವೆ, ಯಾವ ಯಂತ್ರ, ಯಾರು ಓದಿದ ಅಂಕಿ, ಎಲ್ಲವೂ ಅದರಲ್ಲಿರಲಿ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರೆ ಸಾಕು ಎಂದು ಮಕ್ಕಳು ಹೇಳುತ್ತಾರೆ. ಎರಡು ತಿಂಗಳ ಮೇಲೆ ಆ ಡಯಲ್ ಯಾವ ದಿನದ್ದು, ಯಾವ ಕ್ಯೂಬಿನದು (ಬಲ ಪರೀಕ್ಷೆಗೆಂದು ಮೋಲ್ಡಿನಲ್ಲಿ, ಅಂದರೆ ಅಚ್ಚಿನಲ್ಲಿ, ತುಂಬಿ ಮಾಡಿದ ಕಾಂಕ್ರೀಟ್ ಗಟ್ಟಿ) ಎಂದು ಫೋಟೊ ಹೇಳುವುದಿಲ್ಲ.

ಅಳತೆ ಎಲ್ಲಿಂದ ಶುರುವಾಯಿತು ಎಂಬುದನ್ನೂ ಬರೆಯಬೇಕು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಇದೆ, ನೆಲದಡಿ ನೀರು ಹರಿಸುವ ಸುರಂಗ. ಮೇಲೆ ಅಲ್ಲಲ್ಲಿ ಬಾವಿಬಾಯಿಗಳಿವೆ. ಒಮ್ಮೆ ಎರಡು ತಂಡಗಳು ಒಂದೇ ಬಾಯಿಂದ ನೀರಿನ ಆಳ ಅಳೆದು ಬಂದವು. ಅಂಕಿಗಳ ನಡುವೆ ಮುಕ್ಕಾಲು ಮೀಟರ್ ಅಂತರ. ಯಂತ್ರ ಕೆಟ್ಟಿದೆ ಎಂದು ವಾದ ಶುರುವಾಯಿತು. ಕೊನೆಗೆ ನೋಡಿದರೆ ಒಂದು ತಂಡ ಕಟ್ಟೆಯ ಮೇಲಿಂದ ಟೇಪು ಬಿಟ್ಟಿತ್ತು, ಇನ್ನೊಂದು ನೆಲದ ಮಟ್ಟದಿಂದ. ಎರಡೂ ತಪ್ಪಲ್ಲ. ‘ನೆಲದ ಮಟ್ಟದಿಂದ’ ಎಂಬ ಒಂದು ಪದ ಇಬ್ಬರ ಪುಸ್ತಕದಲ್ಲೂ ಇರಲಿಲ್ಲ.

ಯಾರಿಗಾಗಿ?

ಯಾದಗಿರಿ ಕಡೆಯ ಹಳ್ಳಿಯೊಂದರ ಬೋರ್‌ವೆಲ್ ನೀರು ಪರೀಕ್ಷೆ ಮಾಡಿದ್ದೀರಿ ಎನ್ನಿ. ಫ್ಲೋರೈಡ್ ಲೀಟರಿಗೆ 1.3 ಮಿಲಿಗ್ರಾಂ ಬಂತು. ‘ಫ್ಲೋರೈಡ್ ಹೆಚ್ಚಿದೆ’ ಎಂದು ಬರೆದರೆ ಪಂಚಾಯಿತಿ ಪಿಡಿಒ ಏನು ಮಾಡಬೇಕು? ಕುಡಿಯುವ ನೀರಿನ ಮಾನದಂಡವಾದ ಐಎಸ್ 10500:2012ರಲ್ಲಿ ಫ್ಲೋರೈಡಿಗೆ ಎರಡು ಗೆರೆಗಳಿವೆ. 1.0 ಮಿಲಿಗ್ರಾಂ ಒಪ್ಪಿಗೆಯ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಹೋಗಬಹುದು. ‘1.3 ಬಂದಿದೆ, ಒಪ್ಪಿಗೆಯ ಮಿತಿ ಮೀರಿದೆ, ಕೊನೆಯ ಮಿತಿಯ ಒಳಗಿದೆ, ಬೇರೆ ಮೂಲ ಇದ್ದರೆ ಅದನ್ನು ಬಳಸುವುದು ಒಳ್ಳೆಯದು’ ಎಂದು ಬರೆದಾಗ ಆ ಪಿಡಿಒಗೆ ಮುಂದಿನ ಹೆಜ್ಜೆ ಕಾಣುತ್ತದೆ. ಪರೀಕ್ಷಕರಿಗೆ ವಿಧಾನ ಬೇಕು, ಪಂಚಾಯಿತಿಗೆ ನಿರ್ಧಾರ ಬೇಕು. ಬರೆಯುವ ಮುನ್ನ ಓದುವವರ ಹೆಸರನ್ನು ಕಾಗದದ ತುದಿಯಲ್ಲಿ ಬರೆದುಕೊಳ್ಳಿ.

ಮೊದಲು ಕೋಷ್ಟಕ, ಕೊನೆಗೆ ಸಾರಾಂಶ

ಓದುವ ಕ್ರಮದಲ್ಲೇ ಬರೆಯಲು ಹೋಗಿ ಮಕ್ಕಳು ಪೀಠಿಕೆಯಲ್ಲೇ ಹದಿನೈದು ದಿನ ಕಳೆಯುತ್ತಾರೆ. ‘ಕಾಂಕ್ರೀಟ್ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ವಸ್ತು’ ಎಂದು ಶುರುವಾಗುವ ಪೀಠಿಕೆಗಳನ್ನು ಎಷ್ಟು ಓದಿದ್ದೇನೋ. ಮೊದಲು ಫಲಿತಾಂಶದ ಕೋಷ್ಟಕ ಮಾಡಿ. ಪ್ರತಿ ಕಾಲಮ್ಮಿನ ನೆತ್ತಿಯಲ್ಲಿ ಅಳತೆಯ ಮಾನ (ಯೂನಿಟ್) ಇರಲಿ. ಆಮೇಲೆ ವಿಧಾನ, ಆಮೇಲೆ ಚರ್ಚೆ ಮತ್ತು ತೀರ್ಮಾನ. ಪೀಠಿಕೆ ಆಮೇಲೆ. ಸಾರಾಂಶ ಎಲ್ಲಕ್ಕಿಂತ ಕೊನೆಗೆ, ಅರ್ಧ ಪುಟ ಸಾಕು.

ಇಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರದ ಮಾತೊಂದನ್ನು ಹೇಳಬೇಕು. ನಮ್ಮ ಭಾಗದ ಎಷ್ಟೋ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ವರದಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಹೆದರಿಕೆಗೆ ಇಂಟರ್‌ನೆಟ್ಟಿನಿಂದ ಪ್ಯಾರಾಗಟ್ಟಲೆ ಎತ್ತಿ ಹಾಕುತ್ತಾರೆ. ಅದನ್ನು ಕಳ್ಳತನ ಎಂದು ಬೈದು ಸುಮ್ಮನಾಗುವುದು ಸುಲಭ, ಆದರೆ ಬೈದರೆ ಹೆದರಿಕೆ ಹೋಗುವುದಿಲ್ಲ. ನಾನು ಹೇಳುವ ದಾರಿ ಇದು: ಮೊದಲು ಕನ್ನಡದಲ್ಲಿ, ನೀವು ಮನೆಯಲ್ಲಿ ಆಡುವ ಮಾತಿನಲ್ಲೇ, ಏನು ಮಾಡಿದಿರಿ ಎಂದು ಎರಡು ಪುಟ ಬರೆಯಿರಿ. ‘ಪುಡಿ ಜರಡಿ ಹಿಡದ್ವಿ, ಆಮ್ಯಾಲ ತೂಕ ಮಾಡಿದ್ವಿ’ ಅಂತಲೇ ಬರೆಯಿರಿ. ಆ ಎರಡು ಪುಟ ಸ್ಪಷ್ಟವಾಗಿದ್ದರೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಾಗಿ ಅದನ್ನು ಇಳಿಸುವುದು ಕಷ್ಟವಲ್ಲ. ಅದೇ ಕನ್ನಡದಲ್ಲಿ ಗೋಜಲಾಗಿದ್ದರೆ ಗೋಜಲು ಭಾಷೆಯದ್ದಲ್ಲ, ಕೆಲಸದ್ದು.

ಇನ್ನೊಬ್ಬರು ಓದಿ ಮಾಡುವಂತಿರಲಿ

ಒಂದು ತಂಡದ ವರದಿಯನ್ನೇ ಹತ್ತಿರದಿಂದ ನೋಡೋಣ. ಶಹಾಬಾದ್, ಚಿತ್ತಾಪುರ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕತ್ತರಿಸುವಾಗ ರಾಶಿ ರಾಶಿ ಪುಡಿ ಉಳಿಯುತ್ತದೆ. ಮರಳಿನ ಒಂದಿಷ್ಟು ಭಾಗದ ಬದಲು ಆ ಪುಡಿ ಹಾಕಿದರೆ ಎಂ20 ಕಾಂಕ್ರೀಟಿನ (28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ತಾಳಬೇಕಾದ ದರ್ಜೆ) ಬಲ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಬಹಳ ಚೆಂದದ ಪ್ರಶ್ನೆ, ನಮ್ಮ ನೆಲದ್ದೇ ಪ್ರಶ್ನೆ. ವಿಧಾನದ ಭಾಗದಲ್ಲಿ ‘10% ಕಲ್ಲಿನ ಪುಡಿ ಬಳಸಲಾಯಿತು’ ಎಂದು ಬರೆದಿದ್ದರು.

ಈ ಸಾಲು ಹಿಡಿದು ಇನ್ನೊಬ್ಬರು ಮಾಡಲು ಹೊರಟರೆ ಅಲ್ಲೇ ನಿಲ್ಲುತ್ತಾರೆ. ಮರಳಿನ 10%ವೋ, ಇಡೀ ಮಿಶ್ರಣದ 10%ವೋ? ತೂಕದಲ್ಲೋ, ಡಬ್ಬಿ ಅಳತೆಯಲ್ಲೋ? ಪುಡಿ ಒಣಗಿತ್ತೋ, ಕಟಿಂಗ್ ಯಂತ್ರದ ನೀರು ಕುಡಿದಿತ್ತೋ? ಯಾವ ಜರಡಿಯಲ್ಲಿ ಇಳಿದ ಪುಡಿ? ‘ಬಳಸಲಾಯಿತು’, ‘ಸೇರಿಸಲಾಯಿತು’ ಎಂಬ ಮಾತುಗಳು ವರದಿಯಲ್ಲಿ ಬರುತ್ತವೆ, ಬರಲಿ. ಆದರೆ ಅವುಗಳ ಹಿಂದೆ ಎಷ್ಟು, ಯಾವಾಗ, ಯಾವುದರಿಂದ ಎಂಬ ಮೂರು ಉತ್ತರ ಇರಲೇಬೇಕು.

ಸಿಕ್ಕಿದ್ದು ಬೇರೆ, ನಾವು ಅಂದದ್ದು ಬೇರೆ

ಅದೇ ತಂಡ 28 ದಿನಕ್ಕೆ ಮೂರು ಕ್ಯೂಬ್ ಒಡೆಯಿತು. ಕ್ಯೂಬಿನ ಒಂದೊಂದು ಬದಿ 150 ಮಿ.ಮೀ., ಅಂದರೆ ಒತ್ತಡ ಬೀಳುವ ಮುಖ 22,500 ಚದರ ಮಿ.ಮೀ. ಮೊದಲ ಕ್ಯೂಬ್ 540 ಕಿಲೋನ್ಯೂಟನ್ನಿಗೆ ಒಡೆಯಿತು, ಭಾಗಿಸಿದರೆ ಚದರ ಮಿ.ಮೀ.ಗೆ 24 ನ್ಯೂಟನ್. ಎರಡನೆಯದು 25. ಮೂರನೆಯದು 17. ಸರಾಸರಿ 22. ‘ಎಂ20ಗೆ ಬೇಕಾದ 20 ದಾಟಿದೆ, ಆದ್ದರಿಂದ ಕಲ್ಲಿನ ಪುಡಿ ಸೂಕ್ತ’ ಎಂದು ತೀರ್ಮಾನ ಬರೆದರು.

ಗುಣಾಕಾರ, ಭಾಗಾಕಾರ ಎಲ್ಲ ಸರಿ. ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಮೂರು ಕ್ಯೂಬುಗಳಲ್ಲಿ ಯಾವುದೇ ಒಂದು ಸರಾಸರಿಯಿಂದ 15%ಕ್ಕಿಂತ ಹೆಚ್ಚು ಆಚೀಚೆ ಹೋದರೆ ಆ ಮಾದರಿಯ ಫಲಿತಾಂಶವೇ ಅಮಾನ್ಯ ಎಂದು ಐಎಸ್ 456 ಹೇಳುತ್ತದೆ. 22ರ 15% ಅಂದರೆ 3.3. ಅಂದ ಮೇಲೆ 18.7ರಿಂದ 25.3ರೊಳಗೆ ಮೂರೂ ಇರಬೇಕು. 17 ಹೊರಗೆ ಬಿತ್ತು. ಸರಾಸರಿ ಎಂಬುದು ಆ 17ನ್ನು ಮುಚ್ಚಿಟ್ಟಿತ್ತು, ನನ್ನ ‘ಸಾಕಷ್ಟು’ ಮುಚ್ಚಿಟ್ಟ ಹಾಗೆಯೇ. ಆದ್ದರಿಂದ ಕೋಷ್ಟಕದಲ್ಲಿ ಮೂರೂ ಅಂಕಿ ಬೇರೆ ಬೇರೆ ಕೊಡಿ, ಬರೇ ಸರಾಸರಿ ಕೊಡಬೇಡಿ. ಫಲಿತಾಂಶದ ಪುಟದಲ್ಲಿ ಯಂತ್ರ ತೋರಿಸಿದ್ದು ಮಾತ್ರ ಇರಲಿ, ಅದರ ಅರ್ಥವೇನು ಎಂಬ ನಿಮ್ಮ ಮಾತು ಚರ್ಚೆಯ ಪುಟಕ್ಕೆ ಹೋಗಲಿ.

ನಾನು ಇದನ್ನು ತಕ್ಷಣ ಹೇಳಲಿಲ್ಲ. ವರದಿಯನ್ನು ಇನ್ನೊಂದು ತಂಡದ ಹುಡುಗಿಗೆ ಓದಲು ಕೊಟ್ಟೆ.

ಗೆಳೆಯರ ವರದಿ ಓದುವಾಗ

ಮೊದಲ ಸಲ ಹೀಗೆ ಅದಲು ಬದಲು ಮಾಡಿಸಿದಾಗ ಬರುವ ಅಭಿಪ್ರಾಯಗಳು ಎರಡೇ ನಮೂನೆ. ಗೆಳೆಯನಾದರೆ ‘ಚಲೋ ಅದ ಸರ್’. ಆಗದವನಾದರೆ ‘ಏನೂ ಸರಿ ಇಲ್ಲ, ಪೂರ್ತಿ ಬದಲಿಸಬೇಕು’. ಎರಡರಿಂದಲೂ ಬರೆದವನಿಗೆ ಒಂದು ಸಾಲೂ ತಿದ್ದಲಾಗುವುದಿಲ್ಲ. ಮೂರನೆಯ ನಮೂನೆ ಇನ್ನೂ ಕಷ್ಟದ್ದು: ಓದುವವನೇ ಪೆನ್ನು ಹಿಡಿದು ಎಲ್ಲವನ್ನೂ ತನ್ನ ವಾಕ್ಯಕ್ಕೆ ತಿದ್ದಿಬಿಡುವುದು. ಆಗ ವರದಿ ಬರೆದವನದ್ದಾಗಿ ಉಳಿಯುವುದಿಲ್ಲ.

ಎರಡು ಸಲ ಓದಿ. ಮೊದಲ ಸಲ ಪೆನ್ನು ಕೆಳಗಿಟ್ಟು ಪೂರ್ತಿ ಓದಿ, ಇವರು ಹೇಳಹೊರಟದ್ದೇನು ಎಂದು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಆ ವಾಕ್ಯವನ್ನು ಬರೆದವರಿಗೆ ತೋರಿಸಿ. ಅವರು ‘ನಾವು ಹೇಳಿದ್ದು ಅದಲ್ಲ’ ಎಂದರೆ ಅದಕ್ಕಿಂತ ದೊಡ್ಡ ಅಭಿಪ್ರಾಯ ಬೇರೆ ಬೇಕಿಲ್ಲ. ಎರಡನೇ ಸಲ, ನೀವೇ ಆ ಪ್ರಯೋಗ ಮಾಡಲು ಹೊರಟಿದ್ದೀರಿ ಎಂದುಕೊಂಡು ಓದಿ. ನಿಂತ ಜಾಗದಲ್ಲಿ ಗುರುತು ಹಾಕಿ. ಅಭಿಪ್ರಾಯದಲ್ಲಿ ಪುಟ ಇರಲಿ, ಸಾಲು ಇರಲಿ, ಓದುವಾಗ ನಿಮಗೆ ಏನಾಯಿತು ಎಂಬುದಿರಲಿ. ಆ ಹುಡುಗಿ ಬರೆದದ್ದು ಹೀಗಿತ್ತು: ‘ಪುಟ 7, ಎರಡನೇ ಪ್ಯಾರಾ. 10% ಅಂತ ಅದ. ತೂಕದಾಗೋ ಡಬ್ಬಿ ಅಳತೆದಾಗೋ ತಿಳೀಲಿಲ್ಲ. ನಾ ಮಾಡಬೇಕಂದ್ರ ಇಲ್ಲೇ ನಿಲ್ತೀನಿ.’ ಇದರಲ್ಲಿ ಯಾರನ್ನೂ ಬೈದಿಲ್ಲ. ಬರೆದವರ ಬುದ್ಧಿಯ ಬಗ್ಗೆ ಮಾತೇ ಇಲ್ಲ. ಕಾಗದದ ಬಗ್ಗೆ ಮಾತ್ರ ಇದೆ.

ಸ್ಪೆಲಿಂಗ್ ತಪ್ಪುಗಳನ್ನು ಕೊನೆಗೆ ಇಡಿ. ತೀರ್ಮಾನವೇ ಬದಲಾಗುವುದಿದ್ದರೆ ಆ ಪ್ಯಾರಾದ ಸ್ಪೆಲಿಂಗ್ ತಿದ್ದಿ ಪ್ರಯೋಜನವಿಲ್ಲ.

ಚೆನ್ನಾಗಿರುವುದನ್ನೂ ಇಷ್ಟೇ ನಿಖರವಾಗಿ ಹೇಳಬೇಕು. ಕನ್ನಡದಲ್ಲಿ ಉಳಿದು ಬಂದ ಅತಿ ಹಳೆಯ ಕೃತಿ, 9ನೇ ಶತಮಾನದ ‘ಕವಿರಾಜಮಾರ್ಗ’, ಬರವಣಿಗೆ ಹೇಗಿರಬೇಕು ಎಂದು ಹೇಳುವ ಪುಸ್ತಕ. ಅದು ಹುಟ್ಟಿದ್ದು ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ. ಅದರ ಮೊದಲ ಪರಿಚ್ಛೇದದ ಹೆಸರಿನಲ್ಲೇ ದೋಷವೂ ಇದೆ, ಅದೋಷವೂ ಇದೆ. ಯಾವುದು ತಪ್ಪು ಎಂಬುದರ ಜತೆ ಯಾವುದು ತಪ್ಪಲ್ಲ ಎಂದೂ ಬರೆದವನಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ಅವನು ತಿದ್ದುವ ಭರದಲ್ಲಿ ಸರಿಯಿದ್ದದ್ದನ್ನೂ ಕೆಡಿಸುತ್ತಾನೆ. ‘ಪುಟ 4ರ ಜರಡಿ ಕೋಷ್ಟಕ ನೋಡಿದ ಕೂಡಲೇ ತಿಳೀತು, ಇದನ್ನ ಹಿಂಗೇ ಇಡ್ರಿ’ ಎಂದೂ ಅವಳು ಬರೆದಿದ್ದಳು.

ಕೇಳಿಸಿಕೊಳ್ಳುವವರಿಗೆ ಒಂದೇ ನಿಯಮ: ಅವರು ಹೇಳಿ ಮುಗಿಸುವವರೆಗೆ ಉತ್ತರ ಕೊಡಬೇಡಿ, ಬರೆದುಕೊಳ್ಳಿ. ‘ಅದು ಹಂಗಲ್ಲ’ ಎಂದು ಬಾಯಲ್ಲಿ ವಿವರಿಸಬೇಕಾಗಿ ಬಂದರೆ, ಆ ವಿವರಣೆ ಕಾಗದದಲ್ಲಿ ಇಲ್ಲ ಎಂದೇ ಅರ್ಥ. ಎಲ್ಲವನ್ನೂ ಒಪ್ಪಬೇಕೆಂದೇನೂ ಇಲ್ಲ. ಒಪ್ಪದಿದ್ದರೆ ಯಾಕೆ ಎಂದು ಪಕ್ಕದಲ್ಲಿ ಬರೆಯಿರಿ.

ಪುಟ 11ರಲ್ಲಿ, 17ರ ಪಕ್ಕ, ಆ ಹುಡುಗಿ ಒಂದು ಪ್ರಶ್ನೆ ಬರೆದಿದ್ದಳು: ‘ಮೂರೂ ಮೋಲ್ಡ್ ಒಂದೇ ಹೊತ್ತಿಗೆ ತುಂಬೀರೇನು?’ ತಂಡದವರು ಒಬ್ಬರ ಮುಖ ಒಬ್ಬರು ನೋಡಿದರು. ನೋಟ್‌ಬುಕ್ ತೆಗೆದರು. ‘11.20ಕ್ಕೆ 2 ಮೋಲ್ಡ್. 3ನೇದು ಖಾಲಿ ಇಲ್ಲ. 12.35ಕ್ಕೆ ಸಿಕ್ತು. ಮಾಲು ಗಟ್ಟಿ ಆಗಿತ್ತು, ಅರ್ಧ ಲೋಟ ನೀರು ಹಾಕಿ ಕಲಸಿ ತುಂಬಿದ್ವಿ’ ಎಂದಿತ್ತು. ಗಟ್ಟಿಯಾಗತೊಡಗಿದ ಕಾಂಕ್ರೀಟಿಗೆ ನೀರು ಸೇರಿಸಿದರೆ ಬಲ ಕುಗ್ಗುತ್ತದೆ ಎಂದು ಎರಡನೇ ವರ್ಷದಲ್ಲೇ ಓದಿದ್ದವರು. ಪುಡಿಯದ್ದಲ್ಲ, ಆ ನೀರಿನದ್ದೇ ತಪ್ಪಿರಬಹುದು ಎಂದು ಅವರಿಗೇ ಹೊಳೆಯಿತು. ಅದನ್ನು ಮುಚ್ಚಿಡಲಿಲ್ಲ. ಹಳೆಯ ಮೂರೂ ಅಂಕಿಗಳನ್ನು ‘ಅಮಾನ್ಯ, ಕಾರಣ ಪುಟ 9’ ಎಂಬ ಟಿಪ್ಪಣಿಯೊಂದಿಗೆ ಕೋಷ್ಟಕದಲ್ಲೇ ಉಳಿಸಿ, ಹೊಸ ಮೂರು ಕ್ಯೂಬ್ ಹಾಕಿ ಮತ್ತೆ 28 ದಿನ ಕಾದರು.

ತಿದ್ದಿದ ವರದಿ ಮತ್ತೆ ಅವಳ ಕೈಗೇ ಹೋಯಿತು. ಪುಟ 9ರಲ್ಲಿ ‘ಅರ್ಧ ಲೋಟ’ಕ್ಕೆ ಸುತ್ತು ಹಾಕಿ, ‘ಎಷ್ಟು?’ ಎಂದು ಬರೆದು ಕೊಟ್ಟಳು. ಹುಡುಗರು ಲ್ಯಾಬಿಗೆ ಹೋಗಿ ಅದೇ ಸ್ಟೀಲ್ ಲೋಟ ಹುಡುಕಿ, ಅರ್ಧ ತುಂಬಿಸಿ, ಅಳತೆಯ ಜಾಡಿಗೆ ಸುರಿದು ನೋಡಿದರು. 120 ಮಿ.ಲೀ.