ಮಡಿಲು ತುಂಬಾ ಬೆರಕೆ ಸೊಪ್ಪು

ಬಿತ್ತದೆ ತಾನಾಗೇ ಬೆಳೆಯುವ ಸೊಪ್ಪು-ಗಿಡಗಳ ಬಗ್ಗೆ ಮೊದಲ ಸಲ ಶನಿವಾರ-ಭಾನುವಾರದ ಕೂಟ ಮಾಡಿದಾಗ, ಅವನ್ನು ಬಲ್ಲ ಹಳ್ಳಿ ಅಜ್ಜಿಯರನ್ನು ಕುರ್ಚಿ ಮೇಲೆ ಕೂರಿಸಿ ಕೈಗೆ ಮೈಕು ಕೊಟ್ಟಿದ್ದೆ. ಅದೇ ತಪ್ಪಾಯ್ತು. ಎರಡು ಮಾತಾಡಿ ಸುಮ್ಮನಾದರು. ಊಟ ಆದಮೇಲೆ ಅವರಲ್ಲೇ ಒಬ್ಬ ಅಜ್ಜಿ ಕೈ ತೊಳೆಯೋಕೆ ಹಿತ್ತಲಿಗೆ ಹೋದವರು, ಬೇಲಿ ಪಕ್ಕ ಬಗ್ಗಿ ಒಂದು ಕುಡಿ ಚಿವುಟಿ, ಜೊತೆಗಿದ್ದ ಹುಡುಗಿಗೆ ಅರ್ಧ ಗಂಟೆ ಅದರ ಕತೆ ಹೇಳಿದರು.

ಹಾಗಾಗಿ ಎರಡನೇ ಸಲ ಮೈಕು ಬೇಡ ಅಂದೆ. ಆಷಾಢದಲ್ಲಿ, ನಾಲ್ಕು ಮಳೆ ಬಿದ್ದ ಮೇಲೆ, ಪಾಂಡವಪುರ ತಾಲ್ಲೂಕಿನ ಗೆಳತಿಯ ಹೊಲದಲ್ಲಿ 20 ಜನ ಸೇರಿದೆವು. ಅಲ್ಲಿಂದ ಮೇಲುಕೋಟೆ ಬೆಟ್ಟ ಕಾಣುತ್ತೆ. ಬೆಟ್ಟದ ಸುತ್ತಲಿನ ಕುರುಚಲು ಕಾಡು 1974ರಿಂದ ವನ್ಯಧಾಮ, ತೋಳ ಇರುವ ಜಾಗ. ಅದರೊಳಗೆ ಕಾಲಿಡಲಿಲ್ಲ, ಹೊಲದ ಬದುಗಳೇ ಸಾಕಾಯ್ತು. ಮೂವರು ಅಜ್ಜಿಯರು ಮುಂದೆ, ನಾವೆಲ್ಲ ಹಿಂದೆ. ಮೈಸೂರಿನಿಂದ ಬಂದ ಉಪನ್ಯಾಸಕರಿಗೆ ಎಷ್ಟು ಕೊಟ್ಟೆವೋ ಅಜ್ಜಿಯರಿಗೂ ಅಷ್ಟೇ ಗೌರವಧನ. ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ, ಕೊನೆಗೆ ಸೀರೆ-ಹಣ್ಣು ಕೊಟ್ಟು ಕಳಿಸಬೇಡಿ.

ಒಂದು ಗಂಟೆಯಲ್ಲಿ ಸೊಪ್ಪಿನಿಂದ ಮಡಿಲು ತುಂಬಿತು. ಅಣ್ಣೆ, ಗಣಿಕೆ, ಕನ್ನೆ, ಗೋಣಿ, ಮುಳ್ಳುಕೀರೆ, ಒಂದಿಷ್ಟು ತುಂಬೆ ಕುಡಿ. ನಾಲೆ ಪಕ್ಕ ತೇವ ಇದ್ದ ಕಡೆ ಹೊನಗೊನೆ, ಒಂದೆಲಗ. ನೀರಾವರಿಗೆ ಮುಂಚೆ ಇಲ್ಲೆಲ್ಲ ಹೊಲವೇ ಜಾಸ್ತಿ. 1930ರ ದಶಕದಲ್ಲಿ ಕೆಆರ್‌ಎಸ್ ಅಣೆಕಟ್ಟಿನ ನೀರು ನಾಲೆಗೆ ಹರಿದ ಮೇಲೆ ಗದ್ದೆ ಹರಡಿತು, ಅದರ ಜೊತೆ ನೀರು ಬೇಡುವ ಸೊಪ್ಪುಗಳೂ ಹರಡಿರಬೇಕು ಅನ್ನೋದು ನನ್ನ ಊಹೆ. ಒಂದೇ ಊರಿನಲ್ಲಿ ಎರಡು ಥರದ ಸೊಪ್ಪು, ಸುಮ್ನೆ ಓದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

'ಕುಡಿ ಚಿವುಟವ್ವ, ಬುಡ ಕೀಳ್ಬ್ಯಾಡ' ಅಂತ ಅಜ್ಜಿ ನನಗೇ ಎರಡು ಸಲ ಹೇಳಿದರು. ಕುಡಿ ತೆಗೆದರೆ ಗಿಡ ಪಕ್ಕಕ್ಕೆ ಒಡೆಯುತ್ತೆ, ಎಂಟು-ಹತ್ತು ದಿನಕ್ಕೆ ಮತ್ತೆ ಸಿಗುತ್ತೆ. ಅಲ್ಲೊಂದು ಇಲ್ಲೊಂದು ಗಿಡ ಬೀಜಕ್ಕೆ ಬಿಡಬೇಕು.

ನಮ್ಮ ಗುಂಪಿನ ಹುಡುಗನೊಬ್ಬ ಪಕ್ಕದ ಬದುವಿನಿಂದ ಒಂದು ಹಿಡಿ ಅಣ್ಣೆ ತಂದ. ಅಜ್ಜಿ ಆ ಕಡೆ ಹುಲ್ಲು ನೋಡಿದರು. ತುದಿಯಲ್ಲಿ ಹಳದಿ. 'ಔಸ್ದಿ ಹೊಡ್ದವ್ರೆ, ಎಸಿ ಮಗ' ಅಂದರು. ಕಳೆನಾಶಕ ಹೊಡೆದು ಸ್ವಲ್ಪ ದಿನ ಆಗಿತ್ತಷ್ಟೆ. ಸುತ್ತಲಿನ ರೈತರನ್ನು ಹಿಂದಿನ ದಿನವೇ ಕೇಳಬೇಕಿತ್ತು, ನಾನು ಕೇಳಿರಲಿಲ್ಲ. ನೀವು ಇಂಥ ಕೂಟ ಮಾಡಿದರೆ ಮೊದಲು ಇದನ್ನೇ ಕೇಳಿ. ಮುಂಚೆ ರಾಗಿ ಹೊಲದಲ್ಲಿ ಕಳೆ ಕೀಳೋದೂ ಸಾರಿಗೆ ಸೊಪ್ಪು ತರೋದೂ ಒಂದೇ ಕೆಲಸ ಆಗಿತ್ತು, ಅಲ್ವಾ? ಔಷಧಿ ಬಂದ ಮೇಲೆ ಸೊಪ್ಪು ಹೋಯ್ತು, ಹೆಂಗಸರು ಹೊಲ ಸುತ್ತೋದೂ ಕಮ್ಮಿ ಆಯ್ತು, ಮೊಮ್ಮಕ್ಕಳಿಗೆ ಹೆಸರೂ ಗೊತ್ತಿಲ್ಲ. ನನಗೆ ತುಂಬಾ ನೋವಾಗೋದು ಇದಕ್ಕೇ.

ಮಧ್ಯಾಹ್ನ ಬಸ್ಸಾರು. ಹುಳಿ ಇರುವ ಗೋಣಿ ಒಂದು ಹಿಡಿ, ಕಹಿ ಇರುವ ತುಂಬೆ ನಾಲ್ಕೇ ಕುಡಿ, ಉಳಿದಿದ್ದೆಲ್ಲ ಸಪ್ಪೆ ಸೊಪ್ಪು. ಯಾವ ರುಚಿಯೂ ಮೇಲಾಗಬಾರದು, ಅದಕ್ಕೇ ಬೆರಕೆ. ಅಲಸಂದೆ ಕಾಳಿನ ಜೊತೆ ಬೇಯಿಸಿ, ಬಸಿದ ಕಟ್ಟು ಸಾರಿಗೆ, ಸೊಪ್ಪು ಪಲ್ಯಕ್ಕೆ. ಮುದ್ದೆ ಜೊತೆ ಮಾತಿಲ್ಲದೆ ಖಾಲಿಯಾಯ್ತು.

ಭಾನುವಾರ ಎಚ್.ಡಿ. ಕೋಟೆ ಕಡೆಯ ಹಾಡಿಯಿಂದ (ಕಾಡಿನ ಜನರ ಪುಟ್ಟ ಊರು) ಜೇನುಕುರುಬ ಬುಡಕಟ್ಟಿನ ಹಿರಿಯರೊಬ್ಬರು ಬಂದಿದ್ದರು. ಬಂದ ತಕ್ಷಣ 'ನಂದು ಬೇರೆ ಕಾಡು, ಈ ಗಿಡ ನನ್ನ ಕೇಳ್ಬೇಡಿ, ಆ ಅವ್ವನ್ನ ಕೇಳಿ' ಅಂದರು. ಅವರು ಹೇಳಿದ್ದು ಜೇನಿನ ಬಗ್ಗೆ: ಹೆಜ್ಜೇನು, ತುಡುವೆ, ಕೋಲ್ಜೇನು, ನಸರಿ. ಯಾವುದು ಎಲ್ಲಿ ಕಟ್ಟುತ್ತೆ, ಮರಿ ಇರುವ ಭಾಗ ಬಿಟ್ಟು ತುಪ್ಪ ಹೇಗೆ ತೆಗೀಬೇಕು ಅಂತ. ಮಧ್ಯೆ ಯಾರೋ ಒಂದು ಬೇರಿನ ಔಷಧಿ ಕೇಳಿದರು. ಅದು ಹೇಳೋದಲ್ಲ ಅಂದರು. ನಾವೂ ಮತ್ತೆ ಕೇಳಲಿಲ್ಲ, ಫೋನ್ ರೆಕಾರ್ಡಿಂಗ್ ನಿಲ್ಲಿಸಿದೆವು.

ಕೊನೆಗೆ 23 ಸೊಪ್ಪುಗಳ ಹೆಸರು ಊರಿನ ಮಾತಿನಲ್ಲೇ ಬರೆದುಕೊಂಡೆವು. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪಂಚಾಯಿತಿಯಲ್ಲಿ ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ (ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗೆ ಗೊತ್ತಿರೋದನ್ನು ಬರೆದಿಡುವ ಪುಸ್ತಕ) ಒಂದು ಪ್ರತಿ ಕೊಡುವ ಮುಂಚೆ, ಅಜ್ಜಿಯರಿಗೆ ಪೂರ್ತಿ ಓದಿ ಹೇಳಿದೆ. ಎರಡು ಹೆಸರು ತೆಗೆಯೋಕೆ ಹೇಳಿದರು. ತೆಗೆದೆ.