3400ರ ಉಬ್ಬು ಮತ್ತು ನನ್ನ ತಾಮ್ರ-ಸ್ಯಾಲೆನ್

ತಾಮ್ರಕ್ಕೆ ಸ್ಯಾಲೆನ್ ಎಂಬ ಸಾವಯವ ಅಣು ಅಂಟಿಕೊಂಡ ನನ್ನ ಸಂಕೀರ್ಣದ ಐಆರ್ (ಅವಕೆಂಪು ರೋಹಿತ) ಹಾಳೆ ಕೈಗೆ ಬಂದಾಗ 3400 cm⁻¹ ಹತ್ತಿರ ಅಗಲವಾದ ಉಬ್ಬೊಂದು ಕೂತಿತ್ತು. ತಾಮ್ರ ಕೂಡಿದಾಗ ಹೋಗಬೇಕಿದ್ದ ಫಿನಾಲಿನ ಓಎಚ್ ಇನ್ನೂ ಹೋಗಿಲ್ಲ ಅಂದುಕೊಂಡೆ. ಆ ತಪ್ಪು ಎಣಿಕೆಯಲ್ಲೇ ಎರಡು ವಾರ ಕಳೆದವು.

ಲೈಗ್ಯಾಂಡ್, ಅಂದರೆ ತಾಮ್ರವನ್ನು ಹಿಡಿಯುವ ಸ್ಯಾಲೆನ್ ಅಣು, ಮಾಡುವುದು ಸುಲಭ. 2.44 ಗ್ರಾಂ ಸ್ಯಾಲಿಸಿಲಾಲ್ಡಿಹೈಡ್ ಅನ್ನು ಬಿಸಿ ಎಥನಾಲಿಗೆ ಹಾಕಿ, 0.60 ಗ್ರಾಂ ಎಥಿಲೀನ್‌ಡೈಅಮೀನನ್ನು ಹನಿಹನಿಯಾಗಿ ಬಿಟ್ಟೆ. ನೋಡನೋಡುತ್ತಲೇ ಹಳದಿ ಹರಳುಗಳು ಬಂದವು.

ಎಡವಿದ್ದು ತಾಮ್ರ ಸೇರಿಸುವಾಗ. ಎದುರಿಗೇ ಇತ್ತು ಅಂತ ಸುಮ್ನೆ ಕಾಪರ್ ಕ್ಲೋರೈಡ್ ಹಾಕಿದೆ. ಪ್ರೋಟಾನ್ ಹಿಡಿದುಕೊಳ್ಳುವ ಬೇಸ್ (ಪ್ರತ್ಯಾಮ್ಲ) ಏನೂ ಹಾಕಲಿಲ್ಲ. ಫಿನಾಲ್ ಬಿಟ್ಟುಕೊಟ್ಟ ಪ್ರೋಟಾನ್ ಎಲ್ಲಿಗೆ ಹೋಗಬೇಕು? ದ್ರಾವಣ ಹುಳಿಯಾಯಿತು, ಲೈಗ್ಯಾಂಡಿನ ಇಮೀನ್ (ಕಾರ್ಬನ್-ನೈಟ್ರೋಜನ್ ಜೋಡಿ) ಬಂಧವೇ ಒಡೆಯತೊಡಗಿತು. ಅದನ್ನು ಮೊದಲು ಹೇಳಿದ್ದು ಮೂಗು: ಫ್ಲಾಸ್ಕಿನಿಂದ ಮತ್ತೆ ಆಲ್ಡಿಹೈಡಿನ ವಾಸನೆ. ಸಿಕ್ಕಿದ್ದು ಮಬ್ಬು ಹಸಿರಿನ ಅಂಟು ಪುಡಿ.

ಎರಡನೇ ಸಲ ಕಾಪರ್ ಅಸಿಟೇಟ್ ತೆಗೆದುಕೊಂಡೆ. ಪ್ರೋಟಾನನ್ನು ಅಸಿಟೇಟೇ ಹಿಡಿದುಕೊಳ್ಳುತ್ತದೆ, ಬೇರೆ ಬೇಸ್ ಬೇಡ. 1.34 ಗ್ರಾಂ ಲೈಗ್ಯಾಂಡ್, 1.00 ಗ್ರಾಂ ಅಸಿಟೇಟ್ ಮೊನೊಹೈಡ್ರೇಟ್, ಅಂದರೆ ತಲಾ 5 ಮಿಲಿಮೋಲ್. ಒಂದು ಗಂಟೆ ರಿಫ್ಲಕ್ಸ್ ಮಾಡಿದೆ, ಅಂದರೆ ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವಂತೆ ಕುದಿಸಿದೆ. ಕಡು ಹಸಿರು ಪುಡಿ ತಳಕ್ಕೆ ಕೂತಿತು. ಪೂರ್ತಿ ಬಂದರೆ 1.65 ಗ್ರಾಂ ಆಗಬೇಕು, ನನಗೆ 1.4 ಸಿಕ್ಕಿತು.

ಆಮೇಲೆ ಆ ಉಬ್ಬು. ಮೂರು ಸಲ ಹೊಸದಾಗಿ ಮಾಡಿದೆ, ಮೂರು ಸಲವೂ ಇತ್ತು. ಕೊನೆಗೆ ಬೇಸತ್ತು, ಐಆರ್‌ಗೆ ಮಾದರಿಯನ್ನು ಬೆರೆಸಿ ಒತ್ತುವ ಉಪ್ಪಾದ ಕೆಬಿಆರ್ (ಪೊಟ್ಯಾಸಿಯಮ್ ಬ್ರೋಮೈಡ್) ಒಂದನ್ನೇ ಪೆಲೆಟ್ ಒತ್ತಿ ನೋಡಿದೆ. ಅದರಲ್ಲೂ ಅದೇ ಉಬ್ಬು! ಕೆಬಿಆರ್ ಗಾಳಿಯ ತೇವ ಕುಡಿದಿತ್ತು, ಅಷ್ಟೇ. ಇನ್ನೊಂದು ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು. ಸ್ಯಾಲೆನ್‌ನಲ್ಲಿ ಓಎಚ್ ಪಕ್ಕದ ನೈಟ್ರೋಜನ್‌ಗೆ ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುತ್ತದೆ. ಹಾಗಾಗಿ ಅದರ ಗೆರೆ 3400ರಲ್ಲಿ ಇರುವುದೇ ಇಲ್ಲ. ತುಂಬಾ ಕೆಳಗೆ, 2500ರಿಂದ 3000ದ ಕಡೆ, ಹರಡಿ ಸೊರಗಿರುತ್ತದೆ. ಇಲ್ಲದ ಜಾಗದಲ್ಲಿ ಹುಡುಕುತ್ತಿದ್ದೆ ಅಲ್ವಾ!

ಈಗ ನಾನು ನೋಡುವುದು ಎರಡೇ ಗೆರೆ. 1635ರ ಹತ್ತಿರದ ಇಮೀನ್ ಗೆರೆ ತಾಮ್ರ ಕೂಡಿದ ಮೇಲೆ ಸ್ವಲ್ಪ ಕೆಳಗೆ ಜಾರಬೇಕು, 1285ರ ಹತ್ತಿರದ ಫಿನಾಲಿನ ಸಿ-ಓ ಗೆರೆ ಮೇಲೇರಬೇಕು. 400ರಿಂದ 600ರ ನಡುವೆ ತಾಮ್ರ-ಆಕ್ಸಿಜನ್ ಗೆರೆ ಗುರುತಿಸಿ ಎಲ್ಲರೂ ಬರೆಯುತ್ತಾರೆ. ಲೈಗ್ಯಾಂಡಿನ ಗೆರೆಗಳೂ ಅಲ್ಲೇ ಕಿಕ್ಕಿರಿದಿರುವುದರಿಂದ ನಾನು ಅದನ್ನು ಜಾಸ್ತಿ ನಂಬುವುದಿಲ್ಲ.

ಅಣುವಿನ ಹೈಡ್ರೋಜನ್ ಗೆರೆಗಳನ್ನು ನೋಡುವ ಎನ್ಎಂಆರ್‌ಗೆ ಕೊಡಬೇಡಿ. ತಾಮ್ರದಲ್ಲಿ ಒಂಟಿ ಎಲೆಕ್ಟ್ರಾನ್ ಇದೆ, ಗೆರೆಗಳೆಲ್ಲ ಹರಡಿ ಕಲಸಿಹೋಗುತ್ತವೆ. ಒಂಟಿ ಎಲೆಕ್ಟ್ರಾನನ್ನೇ ನೋಡುವ ಇಪಿಆರ್ ಬೇರೆ ವಿಷಯ. ಅಲ್ಲಿ ತಾಮ್ರದ ನಾಲ್ಕು ಗೆರೆ ಚೆನ್ನಾಗಿ ಬಂದವು.

ಕಾರ್ಬನ್, ಹೈಡ್ರೋಜನ್, ನೈಟ್ರೋಜನ್ ಶೇಕಡಾ ಎಷ್ಟಿದೆ ಎಂದು ಅಳೆಯುವ ಸಿಎಚ್ಎನ್ ಮಾತ್ರ ಇನ್ನೊಮ್ಮೆ ಕಾಡಿತು. ಕಾರ್ಬನ್ 58.26 ಬರಬೇಕಿದ್ದಲ್ಲಿ 57.3 ಬಂತು. ಪುಡಿಯನ್ನು 100 ಡಿಗ್ರಿಯಲ್ಲಿ ವ್ಯಾಕ್ಯೂಮ್ ಕೆಳಗೆ ರಾತ್ರಿಯಿಡೀ ಒಣಗಿಸಿ ಮತ್ತೆ ಕಳಿಸಿದೆ: 58.1.